ಬಲ ಹೆಗಲಿನ ಜನಿವಾರ

ಬೆಂಗಳೂರಿನಿಂದ ಬೆಳಗಿನ ರೈಲು ಹಿಡಿದು ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದಾಗ ಮಧ್ಯಾಹ್ನ ದಾಟಿತ್ತು. ಮೇ ತಿಂಗಳು. ಇಲ್ಲಿಯವರು ಈ ದಿನಗಳಿಗೆ ಕತ್ತರಿ ಬಿಸಿಲು ಎನ್ನುತ್ತಾರೆ. ನನಗೆ ಕತ್ತರಿಯ ಅನುಭವ ಆಗಲಿಲ್ಲ, ಇಸ್ತ್ರಿ ಪೆಟ್ಟಿಗೆಯದ್ದಾಯಿತು. ನಿಲ್ದಾಣದ ಹೊರಗೆ ಆಟೋದವನು ಮೈಲಾಪೂರಿಗೆ ನಾಲ್ಕು ನೂರು ಕೇಳಿದ. ನಾನು ನಕ್ಕೆ. ಅವನೂ ನಕ್ಕ. ಇಬ್ಬರ ನಗುವೂ ಮುಗಿದ ಮೇಲೆ ನಾನು ರಸ್ತೆ ದಾಟಿ, ಕಂಬಗಳ ಮೇಲೆ ಓಡುವ ಊರೊಳಗಿನ ರೈಲು ಹತ್ತಿದೆ. ಒಂದು ಲೋಟ ಚಹಾದ ಬೆಲೆಗಿಂತ ಕಡಿಮೆ ಟಿಕೆಟ್. ಕಿಟಕಿಯಿಂದ ಮನೆಗಳ ತಾರಸಿಗಳು, ಒಣಗಲು ಹಾಕಿದ ಸೀರೆಗಳು, ಅರ್ಧ ನೀರಿನ ಕಾಲುವೆ ಕಂಡವು. ಬಗಲಲ್ಲಿ ಕೂತಿದ್ದವರು ನನ್ನ ಹೆಗಲ ಮೇಲೆ ನಿದ್ದೆ ಮಾಡಿ, ಇಳಿಯುವಾಗ ನನ್ನನ್ನೇ ಗುರಾಯಿಸಿ ಹೋದರು.

ಹೋಗಿದ್ದು ಒಬ್ಬ ಇಂಗ್ಲಿಷ್ ನಟನನ್ನು ಹುಡುಕಿಕೊಂಡು. ಅವನು ಸತ್ತು ಎಷ್ಟೋ ಕಾಲವಾಗಿದೆ, ಆದ್ದರಿಂದ ಅವಸರವೇನೂ ಇರಲಿಲ್ಲ. ಹೆಸರು ಹೊರೇಸ್ ಟಿಬ್ಲಿಂಗ್. ಇಂಗ್ಲೆಂಡಿನ ಯಾವುದೋ ಕಡಲತಡಿಯ ಊರಿನಲ್ಲಿ ಮೀನು ಮಾರುವವನ ಮಗನಾಗಿ ಹುಟ್ಟಿ, ನಾಟಕ ಕಂಪನಿ ಸೇರಿ, ಮೊದಲು ಮೂರನೇ ಕಾವಲುಗಾರ, ಆಮೇಲೆ ಎರಡನೇ ಕಾವಲುಗಾರ, ಹೀಗೆ ನಿಧಾನವಾಗಿ ಬಡ್ತಿ ಪಡೆದವನು. ಸಿನಿಮಾಕ್ಕೆ ಮಾತು ಬರುವ ಮೊದಲು ಬೆಳ್ಳಿತೆರೆಯ ಮೇಲೆ ಹಲವು ಬಗೆಯಲ್ಲಿ ಸತ್ತ: ಮುಳುಗಿ, ಇರಿತಕ್ಕೊಳಗಾಗಿ, ಒಮ್ಮೆ ಗಾಳಿಯಂತ್ರದ ರೆಕ್ಕೆಗೆ ಸಿಕ್ಕಿ. ಸಿನಿಮಾಕ್ಕೆ ಮಾತು ಬಂದಾಗ ಅವನ ಧ್ವನಿ ಅವನ ಮೈಗಿಂತ ಬಹಳ ಸಣ್ಣದೆಂದು ಗೊತ್ತಾಯಿತು. ಕೆಲಸ ಹೋಯಿತು. ಪೂರ್ವದೇಶಗಳಿಗೆ ಹೊರಟ ಒಂದು ನಾಟಕ ತಂಡದ ಜೊತೆ ಹಡಗು ಹತ್ತಿದ. ತಂಡ ಮದ್ರಾಸಿನಲ್ಲಿ ಮುರಿದುಬಿತ್ತು. ಮ್ಯಾನೇಜರು ಒಬ್ಬನೇ ಹಡಗು ಹತ್ತಿ ಹೋದ. ಟಿಬ್ಲಿಂಗ್ ಬಂದರಿನಲ್ಲಿ ಒಂದು ರೋಮನ್ ಕಿರೀಟ ಹಿಡಿದುಕೊಂಡು ಉಳಿದ.

ಇಷ್ಟನ್ನು ನನಗೆ ಹೇಳಿದ್ದು ಮೈಸೂರಿನ ಮೇಕಪ್ ನಂಜಪ್ಪನವರು. ಅವರ ಗುರು ಮದ್ರಾಸಿನ ಸ್ಟುಡಿಯೋದಲ್ಲಿ ಟಿಬ್ಲಿಂಗನ ಮುಖಕ್ಕೆ ಬಣ್ಣ ಹಚ್ಚಿದವರಂತೆ. ನಂಜಪ್ಪನವರು ಕಥೆಯನ್ನು ಪ್ರತಿ ಸಲ ಬೇರೆಯಾಗಿ ಹೇಳುತ್ತಾರೆ. ಕಿರೀಟ ಒಮ್ಮೆ ಕತ್ತಿಯಾಗುತ್ತದೆ, ಒಮ್ಮೆ ಗಿಳಿಪಂಜರ. ನಾನು ಕಿರೀಟವನ್ನು ಆರಿಸಿಕೊಂಡಿದ್ದೇನೆ, ಅದು ನಿಜವೆಂದಲ್ಲ, ಹೊತ್ತುಕೊಂಡು ಬರಲು ಸುಲಭವೆಂದು.

ಮದ್ರಾಸಿನಲ್ಲಿ ಟಿಬ್ಲಿಂಗನಿಗೆ ಕೆಲಸ ಸಿಕ್ಕಿತು. ಆಗ ತಮಿಳು, ತೆಲುಗು, ಕನ್ನಡ ಮೂರೂ ಭಾಷೆಯ ಚಿತ್ರಗಳು ಇಲ್ಲೇ ತಯಾರಾಗುತ್ತಿದ್ದವು. ಮೂರಕ್ಕೂ ಒಬ್ಬ ಬಿಳಿಯ ಬೇಕಿತ್ತು. ಕಲೆಕ್ಟರ್, ಗವರ್ನರ್, ಜಡ್ಜ್. ನಾಯಕನಿಂದ ಬೈಸಿಕೊಳ್ಳುವುದು, ಕೊನೆಗೆ ಹಡಗು ಹತ್ತುವುದು ಅವನ ಕೆಲಸ. ಸ್ವಾತಂತ್ರ್ಯ ಬಂದ ಮೇಲೆ ಓಡಿಸಲು ಯಾರೂ ಬೇಕಾಗಲಿಲ್ಲ. ಅದಕ್ಕೆ ಸ್ವಲ್ಪ ಮೊದಲು ಅವನಿಗೆ ಜೀವನದಲ್ಲಿ ಒಂದೇ ಒಂದು ದೊಡ್ಡ ಪಾತ್ರ ಸಿಕ್ಕಿತ್ತು: ಹೋಟೆಲಿನ ಅಡುಗೆಭಟ್ಟನ ವೇಷ ಹಾಕಿ ಕ್ರಾಂತಿಕಾರರ ಗುಟ್ಟು ಕದಿಯುವ ಇಂಗ್ಲಿಷ್ ಗೂಢಚಾರ. ವೇಷ ಕಲಿಯಲು ಅವನು ಮೈಲಾಪೂರಿನ ಒಂದು ಕನ್ನಡದ ಹೋಟೆಲಿನಲ್ಲಿ, ಮಾಲೀಕರ ಹಿಂದೆ ನಿಂತು, ತಿಂಗಳುಗಟ್ಟಲೆ ಅವರನ್ನು ನೋಡಿದನಂತೆ. ಆ ಚಿತ್ರದ ರೀಲು ಈಗ ಎಲ್ಲೂ ಇಲ್ಲ. ನಾನು ಬರೆಯುತ್ತಿದ್ದ ಅವನ ಜೀವನ ಅಲ್ಲಿಗೆ ಬಂದು ನಿಂತಿತ್ತು, ಮುಂದಿನ ಪುಟ ಬಿಳಿ.

ನಂಜಪ್ಪನವರು ಎಲ್ಲ ಸಲವೂ ಬದಲಿಸದೆ ಹೇಳಿದ ಮಾತು ಒಂದೇ. "ಅವನು ಯಾವ ವೇಷ ಹಾಕಿದರೂ ಬೇಕೂಂತ ಒಂದು ತಪ್ಪು ಇಟ್ಕೋತಿದ್ದ ಕಣ್ರೀ. ಎಲ್ಲಾ ಸರಿಯಾದರೆ ದೃಷ್ಟಿ ತಗಲುತ್ತೆ ಅಂತ." ಇದಕ್ಕೆ ಸಾಕ್ಷಿಯಾಗಿ ನನ್ನ ಫೋನಿನಲ್ಲಿ ಒಂದು ಚಿತ್ರವಿತ್ತು. ರೋಮನ್ ಸಿಪಾಯಿಯ ವೇಷದ ಟಿಬ್ಲಿಂಗ್, ಎಡಕ್ಕೆ ವಾಲಿದ ಮೂಗು, ಮುಂಗೈಯಲ್ಲಿ ಗಡಿಯಾರ.

ಹೋಟೆಲು ಹುಡುಕುವುದು ಕಷ್ಟವಾಗಲಿಲ್ಲ. ಗುಡಿಯ ಕೊಳದ ಹಿಂದಿನ ಬೀದಿಯಲ್ಲಿ ಐತಾಳರ ಹೋಟೆಲ್ ಎಂದರೆ ಹೂ ಮಾರುವವರಿಗೂ ಗೊತ್ತು. ಮೂರೂವರೆಯ ಹೊತ್ತು, ಊಟ ಮುಗಿದು ತಿಂಡಿ ಶುರುವಾಗುವ ಮಧ್ಯದ ಸಮಯ. ಗೋಳಿಬಜೆಯ ಎಣ್ಣೆ ಕಾಯುತ್ತಿತ್ತು. ನಾನು ಒಳಗೆ ಕಾಲಿಟ್ಟು, ಗಲ್ಲಾದ ಮೇಲೆ ಕಣ್ಣೆತ್ತಿ, ಅಲ್ಲೇ ನಿಂತೆ.

ಗಲ್ಲಾದ ಮೇಲೆ ಹೊರೇಸ್ ಟಿಬ್ಲಿಂಗ್ ಇದ್ದ. ಕೊರಳಿಗೆ ಹೊಸ ಮಲ್ಲಿಗೆ ಹಾರ, ಹಣೆಗೆ ಗಾಜಿನ ಮೇಲೆಯೇ ಹಚ್ಚಿದ ಗಂಧ, ಎದುರಿಗೆ ಹಬೆಯಾಡುವ ಕಾಫಿ. ಬರಿಮೈ, ಪಂಚೆ, ಜುಟ್ಟು, ಬಲಗೈಯಲ್ಲಿ ಸೌಟು. ಎಡಕ್ಕೆ ವಾಲಿದ ಅದೇ ಮೂಗು. ಎಡ ಹೆಗಲಿನಿಂದ ಇಳಿಯಬೇಕಾದ ಜನಿವಾರ ಬಲ ಹೆಗಲಿನಿಂದ ಇಳಿದಿತ್ತು.

"ನಮ್ಮ ಅಜ್ಜ" ಎಂದರು ಗಲ್ಲಾದಲ್ಲಿದ್ದವರು. ನನ್ನ ಕಣ್ಣು ಎಲ್ಲಿದೆಯೆಂದು ನೋಡಿ, ಎದ್ದು ನಿಂತೇ ಹೇಳಿದರು. ಐವತ್ತರ ಆಸುಪಾಸಿನ ವಯಸ್ಸು, ದುಂಡು ಮುಖ. ಪ್ರಕಾಶ ಐತಾಳರು, ಹೋಟೆಲಿನ ಈಗಿನ ಮಾಲೀಕರು. "ಇವರೇ ಸ್ಥಾಪಕರು. ಕೋಟದಿಂದ ಬರಿಗೈಯಲ್ಲಿ ಬಂದವರು. ನೀವು ಕನ್ನಡದವರಾ ಸಾರ್? ಕೂತ್ಕೊಳ್ಳಿ, ಫಸ್ಟು ಕಾಫಿ, ಅಪ್ಪುರಂ ಮಾತು."

ಕಾಫಿ ಬಂತು. ಒಳ್ಳೆಯ ಕಾಫಿ. ನಾನು ಅದನ್ನು ಕುಡಿದೆನೋ ಇಲ್ಲವೋ ನೆನಪಿಲ್ಲ. ಒಳ್ಳೆಯದೆಂದು ಬರೆದಿರುವುದರಿಂದ ಕುಡಿದಿರಬೇಕು.

ಗಲ್ಲಾದ ಬಳಿ ಒಬ್ಬ ಯುವಕ ಕುರ್ಚಿ ಹತ್ತಿ ನಿಂತು ಆ ಪಟದ ಫೋಟೊ ತೆಗೆಯುತ್ತಿದ್ದ. ಬೋರ್ಡು ಬರೆಸುವ ಅಂಗಡಿಯ ಡಿಸೈನರ್ ಸೆಲ್ವಂ. ಶುಕ್ರವಾರ ಅಡ್ಯಾರಿನಲ್ಲಿ ಹೋಟೆಲಿನ ಹೊಸ ಶಾಖೆ ತೆರೆಯುವುದಿತ್ತು. ಇದು ಬುಧವಾರ. ಬೋರ್ಡಿನ ಮೇಲೆ, ಮೆನುವಿನ ಮೇಲೆ, ಕಾಗದದ ಲೋಟದ ಮೇಲೆ, ಸಪ್ಲೈಯರುಗಳ ಟೀ ಶರ್ಟಿನ ಬೆನ್ನ ಮೇಲೆ ಅಜ್ಜನ ಚಿತ್ರ ಬರುವುದಿತ್ತು.

"ಅಡ್ಯಾರಲ್ಲಿ ಎಲ್ಲಾ ಗಾಜಿನ ಹೋಟೆಲು ಸಾರ್," ಪ್ರಕಾಶರು ಹೇಳಿದರು. "ಎಸಿ ಇದೆ, ಸೋಫಾ ಇದೆ, ಗಿಟಾರ್ ನೇತಾಕಿರ್ತಾರೆ. ಅವರ ಹತ್ರ ಇಲ್ಲದೇ ಇರೋದು ನನ್ನ ಹತ್ರ ಒಂದೇ. ಅಜ್ಜ. ಅವರು ದುಡ್ಡು ಕೊಟ್ಟರೂ ಅಜ್ಜನ್ನ ತರೋಕಾಗಲ್ಲ. ಮೂವತ್ತು ವರ್ಷದಿಂದ ಬೆಳಿಗ್ಗೆ ಶಟರ್ ಎತ್ತಿ ನಾನು ಮೊದಲು ನೋಡೋದು ಈ ಮುಖ. ಅಪ್ಪ ಹೋದ ದಿನವೂ ಶಟರ್ ಎತ್ತಿ ಮೊದಲು ನೋಡಿದ್ದು ಇದನ್ನೇ."

ಅಷ್ಟು ಹೊತ್ತಿಗೆ ಹೇಳಬೇಕೆಂದು ನಾಲಿಗೆಯ ತುದಿಗೆ ತಂದುಕೊಂಡಿದ್ದ ಮಾತನ್ನು ನಾನು ನುಂಗಿದೆ. ಆದರೂ ಸುಮ್ಮನಿರಲಾರದೆ ಕೇಳಿದೆ: "ಜನಿವಾರ ಬಲ ಹೆಗಲ ಮೇಲಿದೆಯಲ್ಲ?"

"ಎಲ್ಲರೂ ಕೇಳ್ತಾರೆ ಸಾರ್!" ಅವರಿಗೆ ಖುಷಿಯಾಯಿತು. "ಅದು ಅಜ್ಜನ ನಿಷ್ಠೆ. ಅವತ್ತು ಅವರ ಅಪ್ಪನ ಶ್ರಾದ್ಧ. ಶ್ರಾದ್ಧದಲ್ಲಿ ಜನಿವಾರ ಬಲಕ್ಕೆ ಹಾಕ್ತಾರಲ್ಲ? ಹಾಗೇ ಅಡಿಗೆಮನೆಗೆ ಬಂದು ಗಿರಾಕಿಗಳಿಗೆ ಬಡಿಸಿದ್ರು. ಆಗ ತೆಗೆದ ಫೋಟೊ. ಪಿತೃಗಳೂ ಗಿರಾಕಿಗಳೂ ಒಂದೇ ಅಂತ."

ಇಷ್ಟು ಚೆಂದದ ಕಾರಣವನ್ನು ನಾನು ಯಾವ ನಾಟಕದಲ್ಲೂ ಬರೆದಿಲ್ಲ. ಸೆಲ್ವಂ ಕುರ್ಚಿಯ ಮೇಲಿಂದ ನನ್ನನ್ನೂ ಪಟವನ್ನೂ ನೋಡಿದ, ಏನೋ ಯೋಚಿಸುವವನ ಹಾಗೆ ತಲೆಯಾಡಿಸಿದ. ಆ ತಲೆಯಾಟಕ್ಕೆ ನಾನು ಆಗ ಬೆಲೆ ಕೊಡಲಿಲ್ಲ.

ಗೋಡೆಯ ಮೆನುವಿನಲ್ಲಿ ಇಡ್ಲಿ, ವಡೆ, ಪೊಂಗಲ್ ಎಲ್ಲದರ ಕೆಳಗೆ ಬೇರೆ ಬಣ್ಣದಲ್ಲಿ 'ಅಜ್ಜನ ಸ್ಪೆಷಲ್: ಬನ್ ಬಟರ್ ಜಾಮ್' ಎಂದಿತ್ತು. ನಾನು ಬರೆಯುವವನೆಂದು ಪರಿಚಯ ಹೇಳಿಕೊಂಡು, ಉಡುಪಿ ಕಡೆಯ ಹೋಟೆಲಿನಲ್ಲಿ ಅದೇಕೆ ಎಂದು ಕೇಳಿದೆ. "ಅಜ್ಜನಿಗೆ ಇಷ್ಟ. ತಿಥಿಯ ದಿನ ಎಡೆಗೂ ಇಡ್ತೀವಿ. ಕಾಗೆ ಮೊದಲು ಅದನ್ನೇ ಮುಟ್ಟೋದು. ಅದೆಲ್ಲ ಅಮ್ಮನ ಡಿಪಾರ್ಟ್‌ಮೆಂಟು. ನೀವು ನಾಳೆ ಅಮ್ಮನ್ನ ಕಾಣಲೇಬೇಕು. ಶುಕ್ರವಾರ ಅಜ್ಜನ ಬಗ್ಗೆ ಎರಡು ಮಾತು ಆಡಬೇಕು ನೀವು. ಬೆಂಗಳೂರಿಂದ ಲೇಖಕರು ಬಂದಿದ್ದಾರೆ ಅಂತ ಈಗಲೇ ಎಲ್ಲರಿಗೂ ಮೆಸೇಜ್ ಹಾಕ್ತೀನಿ." ನಾನು ಬೇಡವೆನ್ನುವ ಮೊದಲೇ ಅವರ ಹೆಬ್ಬೆರಳು ಕೆಲಸ ಮುಗಿಸಿತ್ತು.

ಲಾಡ್ಜಿನ ಮಂಚದ ಮೇಲೆ ಮಲಗಿ ಫ್ಯಾನನ್ನು ನೋಡುತ್ತ ಲೆಕ್ಕ ಹಾಕಿದೆ. ಆ ಪಟ ಟಿಬ್ಲಿಂಗನ ಅತ್ಯುತ್ತಮ ಪಾತ್ರಕ್ಕೆ ಇರುವ ಒಂದೇ ಸಾಕ್ಷಿ. ಅದಿಲ್ಲದೆ ನನ್ನ ಪುಸ್ತಕ ಬಂದರಿನಲ್ಲಿ ಕಿರೀಟ ಹಿಡಿದು ನಿಂತಿರುತ್ತದೆ. ಬಾಯಿ ಬಿಟ್ಟರೆ ಪ್ರಕಾಶರ ಅಜ್ಜ ಹೋಗುತ್ತಾರೆ, ಅದೂ ಲೋಟಗಳೆಲ್ಲ ಅಚ್ಚಿಗೆ ಹೊರಟ ಮೇಲೆ.

ಗುರುವಾರ ಬೆಳಿಗ್ಗೆ ಪೊಂಗಲ್ ತಿಂದು ಬೆಸೆಂಟ್ ನಗರದ ಬಸ್ಸು ಹತ್ತಿದೆ. ಪೊಂಗಲ್ಲಿನ ಮೇಲೆ ಬಸ್ಸು ಹತ್ತಬಾರದೆಂದು ಅಡ್ಯಾರ್ ಸೇತುವೆಯ ಮೇಲೆ ಅರಿವಾಯಿತು. ಸಮುದ್ರ ಇನ್ನೂ ಕಾಣದ ಕಡೆಯೇ ಅದರ ಗಾಳಿ ಬಂದು ಅಂಗಿಯನ್ನು ಬೆನ್ನಿನಿಂದ ಬಿಡಿಸಿತು. ಪ್ರಕಾಶರ ಮನೆ ಎರಡನೇ ಮಹಡಿಯ ಫ್ಲಾಟು. ಬಾಗಿಲು ತೆಗೆದವರು ಅವರ ತಾಯಿ ಸರಸ್ವತಮ್ಮ. ಎಂಬತ್ತು ದಾಟಿದವರು, ತೆಳ್ಳಗೆ, ನೆಟ್ಟಗೆ. ಇಲ್ಲಿಗೆ ಬಂದು ಒಂದು ಆಯುಷ್ಯ ಕಳೆದರೂ ಮಾತು ಕೋಟದ್ದೇ.

"ಬನ್ನಿ, ಫ್ಯಾನಿನಡಿಗ್ ಕೂಕಣಿ. ಎಷ್ಟ್ ಬೆವ್ತ್ರಿ ಕಾಣಿ. ಮಾಣಿ ಫೋನ್ ಮಾಡಿದ್ದ. ಮಾವಯ್ಯನ್ ಕಥಿ ಕೇಂಬುಕೆ ಬಂದದ್ದ್ ಅಂಬ್ರಲೆ?"

ಮಾಣಿ ಎಂದರೆ ಐವತ್ತರ ಪ್ರಕಾಶರು.

"ನಿಮ್ಮ ಮಾವನವರು ನೋಡೋಕೆ ಹೇಗಿದ್ದರು?" ಎಂದು ಕೇಳಿದೆ, ಬಹಳ ಜಾಣತನದಿಂದ ಎಂದುಕೊಂಡು.

"ನಾನೆಲ್ಲಿ ಕಂಡಿದ್ದೆ?" ಎಂದರು ಅವರು.

ಅವರು ಮದುವೆಯಾಗಿ ಬಂದಾಗ ಮನೆ ಹೋಟೆಲಿನ ಹಿಂಭಾಗದಲ್ಲೇ ಇತ್ತಂತೆ. ಮಾವ ಹೋಗಿದ್ದು ಅದರ ಮರುವರ್ಷ. "ಆಗ ಸೊಸೆಯಂದ್ರ್ ಮಾವನ್ ಎದ್ರಿಗ್ ಬಪ್ಪುಕಿಲ್ಲೆ. ಅವ್ರ್ ಒಳ್ಗ್ ಬಂದ್ರೆ ನಾನ್ ಬಾಗ್ಲ್ ಹಿಂದೆ. ಅಡ್ಗಿಮನಿಗ್ ಇಣ್ಕಿರೆ ಅವ್ರ್ ಒಲಿ ಬದಿಗ್ ತಿರ್ಗ್ಕಂಡ್ ನಿಂತಿಪ್ಪುದ್. ನಾನ್ ಕಂಡದ್ದ್ ಬೆನ್ನ್, ಜುಟ್ಟ್, ಮತ್ತೆ ಹಿಮ್ಮಡಿ."

"ಫೋಟೊದಲ್ಲಿ ಮುಖ ಇದೆಯಲ್ಲ?"

ಸರಸ್ವತಮ್ಮ ನನ್ನನ್ನು ಚೆನ್ನಾಗಿ ನೋಡಿದರು. ನಾನು ಫೋನು ತೆಗೆದು ರೋಮನ್ ಸಿಪಾಯಿಯನ್ನು ತೋರಿಸಿದೆ. ಅವರು ಕನ್ನಡಕ ಏರಿಸಿ, ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ಅದರ ಕೈಗಡಿಯಾರವನ್ನು ಬೆರಳಿನಿಂದ ಮುಟ್ಟಿದರು.

"ದೊರೆ," ಎಂದರು. "ಅಯ್ಯೋ, ಎಷ್ಟ್ ಸಣ್ಣ ಪ್ರಾಯ."

ಕೆಳಗೆ ರಸ್ತೆಯಲ್ಲಿ ಎಳನೀರಿನವನು ಯಾರನ್ನೋ ಬೈಯುತ್ತಿದ್ದ.

"ಹಿಂದಿನ್ ಜಗ್ಲಿ ಮೇಲೆ ಕೂಕಂಡ್ ಕಾಫಿ ಕುಡಿತಿದ್ರ್," ಅವರು ಹೇಳತೊಡಗಿದರು. "ಹಲ್ಲಿರ್ಲಿಲ್ಲೆ, ಬನ್ನನ್ನ ಅದ್ಕೆ ಅದ್ದಿ ತಿಂಬುದ್. ಬಡ್ಸ್ತಿದ್ದದ್ ನಾನೇ. ಅವ್ರೆದ್ರಿಗ್ ಬಪ್ಪುಕೆ ಯಾರೂ ಬ್ಯಾಡ ಅನ್ಲಿಲ್ಲೆ. ಅವ್ರ್ ಮಾವ ಅಲ್ಲ ಅಲ್ದಾ? ಅವ್ರ್ ಮುಖ ನಾನ್ ದಿನಾ ಕಂಡಿದ್ದೆ."

ಮಾವನ ಹದಿಮೂರನೇ ದಿನಕ್ಕೆ ಪಟ ಬೇಕಾಯಿತು. ಮನೆಯಲ್ಲಿ ಒಂದೂ ಫೋಟೊ ಇಲ್ಲ. ಫೋಟೊ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆಂದು ಅವರು ಯಾವತ್ತೂ ನಿಂತವರಲ್ಲ. ಸರಸ್ವತಮ್ಮನ ಗಂಡ ಕೋಡಂಬಾಕಮ್ಮಿನ ಸ್ಟುಡಿಯೋಗೆ ಹೋಗಿ, ಹಳೆಯ ಸ್ಟಿಲ್ಲುಗಳ ರಾಶಿಯಿಂದ ಇದೊಂದನ್ನು ಹೊತ್ತು ತಂದರು.

"ನಿಮ್ಮ ಯಜಮಾನರಿಗೆ ಅಪ್ಪನ ಮುಖ ಗೊತ್ತಿರಲಿಲ್ಲವಾ?"

"ಅವ್ರೂ ಅಪ್ಪಯ್ಯನ್ ಬೆನ್ನ್ ಕಂಡದ್ದೇ ಹೆಚ್ಚ್." ಸರಸ್ವತಮ್ಮ ಸೆರಗು ಸರಿಮಾಡಿಕೊಂಡರು. "ಗೊತ್ತಿತ್ತೋ ಇಲ್ಯೋ, ನಾನ್ ಕೇಂಡಿಲ್ಲೆ. ಅಳ್ತಾ ತಕಂಡ್ ಬಂದ್ರ್. ಅಳ್ತಾ ತಂದದ್ದನ್ನ ಇದ್ ಅಲ್ಲ ಅಂಬುದ್ ಹ್ಯಾಂಗೆ? ಆದ್ರೆ ಒಂದ್ ಹೇಳ್ತೆ ಕೇಣಿ. ಆ ನಿಂತ ನಮೂನಿ ಇತ್ತಲೆ, ಒಂದ್ ಕಾಲ್ ಸಡ್ಲ ಬಿಟ್ಕಂಡ್, ಸೌಟ್ ಹಿಡ್ಕಂಡ್, ಅದ್ ಮಾವಯ್ಯನ್ದೇ. ಹಿಂದಿಂದ ಕಂಡವ್ರಿಗ್ ಗೊತ್ತ್."

"ದೊರೆ ಆ ಪಟ ನೋಡಿದರಾ?"

"ಕಾಣ್ದೆ? ಹದ್ನಾಕ್ನೇ ದಿನ ಕಾಫಿಗ್ ಬಂದ್ರ್. ಗೋಡಿ ಮೇಲೆ ಅವ್ರೇ, ಹಾರ ಹಾಯ್ಕಂಡ್. ನನ್ನ ಕಂಡ್ರ್, ಪಟ ಕಂಡ್ರ್. ನಾನ್ ಮಾತಾಡ್ಲಿಲ್ಲೆ, ಹೊಸ ಸೊಸೆ. ಅವ್ರ್ ಚಪ್ಲಿ ಬಿಟ್ಟ್, ಕೈ ಮುಗ್ದ್ರ್. ಅವ್ರ್ ಫೋಟಕ್ ಅವ್ರೇ. ಮತ್ತೆ ಕೂಕಂಡ್ ಕಾಫಿ ಕುಡ್ದ್ರ್."

ಮೂರನೇ ಕಾವಲುಗಾರನಾಗಿ ಶುರುವಾದವನಿಗೆ ಕೊನೆಗೆ ದಿನಕ್ಕೊಂದು ಪ್ರದರ್ಶನ, ಬೆಳಿಗ್ಗೆ ಶಟರ್ ಎತ್ತುವಾಗ ಆರಂಭ, ಹಾರ ಸಮೇತ. ಇಷ್ಟು ದೀರ್ಘಕಾಲ ಓಡಿದ ಪಾತ್ರ ಲಂಡನ್ನಿನಲ್ಲೂ ಯಾರಿಗಾದರೂ ಸಿಕ್ಕಿತ್ತೋ ಇಲ್ಲವೋ.

"ಆಮೇಲೆ ಅವರು ಏನಾದರು?"

"ಒಂದ್ ವರ್ಷ ಬಂದ್ರ್. ಮತ್ತೆ ಬಪ್ಪುದ್ ನಿಂತೋಯ್ತ್. ಎಲ್ಲಿಗ್ ಹೋದ್ರ್, ಎಂತ ಆಯ್ತ್, ಯಾರಿಗೂ ಗೊತ್ತಿಲ್ಲೆ. ಆ ವರ್ಷ ಮಾವಯ್ಯನ್ ತಿಥಿಗೆ ತಾರ್ಸಿ ಮೇಲೆ ಪಿಂಡ ಇಟ್ರೆ ಕಾಗಿ ಬರ್ಲೇ ಇಲ್ಲೆ. ವಡಿ ಇಟ್ರೂ ಇಲ್ಲೆ, ಪಾಯ್ಸ ಇಟ್ರೂ ಇಲ್ಲೆ. ಭಟ್ರ್ ದರ್ಬಿ ಹಿಡ್ಕಂಡ್ ಕಾದ್ರ್, ಮನಿಯವ್ರ್ ಅಳುಕ್ ಶುರು ಮಾಡಿದ್ರ್. ಅಪ್ಪಯ್ಯಂಗೆ ಎಂತದೋ ಆಸಿ ಉಳ್ದಿತ್ತ್ ಅಂದೇಳಿ. ನಂಗೆ ಹೊಳ್ದದ್ದ್ ಆಗ. ಮೂಲಿ ಬೇಕ್ರಿಯಿಂದ ಒಂದ್ ಬನ್ನ್ ತರ್ಸಿ, ಬೆಣ್ಣಿ ಹಚ್ಚಿ ಇಟ್ಟೆ. ಕಾಗಿ ಬಂತ್ ಕಾಣಿ! ಬನ್ನನ್ನೇ ಕಚ್ಕಂಡ್ ಹೋಯ್ತ್." ಅವರು ಕನ್ನಡಕ ತೆಗೆದು ಒರೆಸಿದರು. "ದೊರೆ ಹೋದ್ರ್ ಅಂದೇಳಿ ನಂಗ್ ಗೊತ್ತಾದ್ದ್ ಹಾಂಗೆ. ಅವ್ರಿಗ್ ಇಡುಕ್ ಬೇರೆ ಯಾರಿದ್ರ್?"

ಮೈಲಾಪೂರಿನ ಕಾಗೆ ಏನು ಕೊಟ್ಟರೂ ತಿನ್ನುತ್ತದೆ, ನಿನ್ನೆ ಒಂದು ನನ್ನ ಬಸ್ ಟಿಕೆಟ್ಟನ್ನೂ ಪರೀಕ್ಷಿಸಿತ್ತು ಎಂದು ನಾನು ಹೇಳಲಿಲ್ಲ. (ನಿನ್ನೆ ನಾನು ಬಸ್ಸು ಹತ್ತಿರಲಿಲ್ಲ, ಅದು ರೈಲಿನ ಟಿಕೆಟ್.)

"ಪ್ರಕಾಶರಿಗೆ ಹೇಳಿಲ್ಲವಾ?"

"ಅವ ಬೆಳಿಗ್ಗೆ ಎದ್ದ್ ಆ ಮುಖ ಕಂಡ್ಕಂಡೇ ಬೆಳ್ದವ. ನೀವ್ ಬರಿತ್ರಿ, ಅಲ್ದಾ?"

"ಆ ಪಟ ಇಲ್ಲದೆ ದೊರೆಯ ಕಥೆಗೆ ಕೊನೆಯಿಲ್ಲ."

"ದೊರೆಗೂ ಒಂದ್ ಹೆಸ್ರ್ ಸಿಕ್ಲಿ, ಪಾಪ" ಎಂದರು. "ನಾಳೆ ಒಂದ್ ದಿನ ಸುಮ್ನಿರಿ. ಒಲಿ ಹೊತ್ಲಿ. ಮತ್ತೆ ನಾನ್ ಹೇಳ್ತೆ" ಎಂದು ಎದ್ದು, ನನ್ನನ್ನು ಕೇಳದೆಯೇ ಮಜ್ಜಿಗೆ ತಂದರು.

ಸಂಜೆ ಕಡಲತಡಿಯಲ್ಲಿ ಸುಂಡಲ್ ಎನ್ನುವ ಕಡಲೆ ಉಸಲಿ ಕೊಂಡು, ಮರಳಿನಲ್ಲಿ ಕೂತು, ನಾಳೆಯ ಭಾಷಣ ಕಟ್ಟಲು ನೋಡಿದೆ. ಸುಳ್ಳು ಹೇಳಬಾರದು, ನಿಜವನ್ನೂ ಹೇಳಬಾರದು. ದೂರದಿಂದ ಬಂದವರು, ಕೈಯಲ್ಲಿ ಏನೂ ಇರಲಿಲ್ಲ, ಈ ಊರು ಅವರನ್ನು ಇಟ್ಟುಕೊಂಡಿತು. ಈ ಮೂರು ವಾಕ್ಯ ಇಬ್ಬರಿಗೂ ಹೊಂದುತ್ತಿತ್ತು. ನಾಲ್ಕನೆಯದು ಹೊಳೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಡ್ಯಾರಿನ ಹೊಸ ಹೋಟೆಲಿನ ಮುಂದೆ ಬಾಳೆಕಂಬ, ಪ್ಲಾಸ್ಟಿಕ್ ಕುರ್ಚಿ, ನಾದಸ್ವರದ ಧ್ವನಿಮುದ್ರಣ. ರೈಲ್ವೆಯಿಂದ, ಬ್ಯಾಂಕಿನಿಂದ ನಿವೃತ್ತರಾದ ಕನ್ನಡದವರು ರೇಷ್ಮೆ ಪಂಚೆಯಲ್ಲಿ ಬಂದಿದ್ದರು. ಹಿರಿಯರು ಕನ್ನಡದಲ್ಲಿ ಕೇಳುತ್ತಿದ್ದರು, ಮಕ್ಕಳು ತಮಿಳಿನಲ್ಲಿ ಉತ್ತರಿಸುತ್ತಿದ್ದರು, ಯಾರಿಗೂ ತೊಂದರೆ ಆಗುತ್ತಿರಲಿಲ್ಲ. ಸರಸ್ವತಮ್ಮ ಮುಂದಿನ ಸಾಲಿನಲ್ಲಿದ್ದರು. ಮೈಲಾಪೂರಿನಿಂದ ತಂದ ಅಸಲಿ ಪಟ ಒಳಗೆ ಗಲ್ಲಾದ ಮೇಲೆ ಕೂತಿತ್ತು. ಬಾಗಿಲ ಮೇಲಿನ ದೊಡ್ಡ ಬೋರ್ಡಿಗೆ ಹಳದಿ ಬಟ್ಟೆ ಮುಚ್ಚಿತ್ತು.

ಪ್ರಕಾಶರು ಹಗ್ಗ ಎಳೆದರು. ಬಟ್ಟೆ ಜಾರಿತು. ಹತ್ತಡಿ ಎತ್ತರದ ಟಿಬ್ಲಿಂಗ್ ಅಡ್ಯಾರಿನ ಟ್ರಾಫಿಕ್ಕನ್ನು ನೋಡುತ್ತ ನಿಂತ. ಚಪ್ಪಾಳೆ ಬಿತ್ತು. ನಾನೂ ಚಪ್ಪಾಳೆ ತಟ್ಟಿ, ಆಮೇಲೆ ತಟ್ಟುವುದನ್ನು ನಿಲ್ಲಿಸಿದೆ. ಜನಿವಾರ ಎಡ ಹೆಗಲಿನಲ್ಲಿತ್ತು. ಸರಿಯಾಗಿತ್ತು. ಅವನ ಒಂದೇ ಒಂದು ಸಹಿ ಅಳಿಸಿಹೋಗಿತ್ತು.

ಸೆಲ್ವಂ ನನ್ನ ಪಕ್ಕದಲ್ಲೇ ಎದೆಯುಬ್ಬಿಸಿ ನಿಂತಿದ್ದ. "ಸಾರ್ ದಾನ್ ಸೊನ್ನಾರು, ಪೂಣೂಲ್ ಮಾರಿ ಇರುಕ್ಕುನ್ನು. ಕರೆಕ್ಟ್ ಪಣ್ಣಿಟ್ಟೇನ್," ಎಂದು ಪ್ರಕಾಶರಿಗೆ ಹೇಳಿದ. ಜನಿವಾರ ತಪ್ಪಿದೆಯೆಂದು ನಾನೇ ಹೇಳಿದ್ದೆನಂತೆ, ಅವನು ಸರಿ ಮಾಡಿದ್ದನಂತೆ. ಹೇಗೆ ಸರಿ ಮಾಡಿದೆ ಎಂದು ಯಾರೂ ಕೇಳಬೇಕಾಗಲಿಲ್ಲ. ಮೊದಲ ಸಾಲಿನಿಂದ, ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರ ಧ್ವನಿ ಎದ್ದಿತು.

"ಏನ್ರೀ ಪ್ರಕಾಶ್, ನಿಮ್ಮಜ್ಜ ಎಡಗೈಲಿ ಬಡಿಸ್ತಿದ್ರಾ?"

ಎಲ್ಲರೂ ಮತ್ತೆ ತಲೆಯೆತ್ತಿದರು. ಸೆಲ್ವಂ ಚಿತ್ರವನ್ನು ಕನ್ನಡಿಯೊಳಗಿನದರ ಹಾಗೆ ಮಗುಚಿ ಹಾಕಿದ್ದ. ಜನಿವಾರ ಎಡಕ್ಕೆ ಬಂದಿತ್ತು, ಸೌಟೂ ಎಡಗೈಗೆ ಬಂದಿತ್ತು. ಹತ್ತಡಿಯ ಸ್ಥಾಪಕರು ಊರಿಗೆಲ್ಲ ಎಡಗೈಯಲ್ಲಿ ಬಡಿಸುತ್ತ ನಗುತ್ತಿದ್ದರು.

"ಶಿವ ಶಿವ" ಎಂದರು ಯಾರೋ. "ಲೋಟದ ಮೇಲೂ ಎಡಗೈಯೇ!" ಎಂದರು ಅದೇ ರೈಲ್ವೆಯ ಹಿರಿಯರು, ಮೈಲಾಪೂರಿನಿಂದ ತರಿಸಿದ್ದ ಕಾಫಿಯನ್ನು ಕೆಳಗಿಟ್ಟು. ಸಪ್ಲೈಯರುಗಳು ಒಬ್ಬರ ಬೆನ್ನನ್ನು ಒಬ್ಬರು ನೋಡಿಕೊಂಡರು.

ಪ್ರಕಾಶರ ಮುಖ ಬಿಳಿಚಿತು. "ಸೆಲ್ವಂ, ಎನ್ನ ಪಣ್ಣಿಟ್ಟೆ ನೀ? ಜನಿವಾರ ಹಾಗೇ ಇರಬೇಕಿತ್ತು ಕಣಯ್ಯಾ, ಅದು ಅಜ್ಜನ ನಿಷ್ಠೆ! ಈಗ ತಿರುಗಿಸಿದರೆ ಬಂದವರೆಲ್ಲ ಜನಿವಾರ ತಪ್ಪು ಅಂತಾರೆ, ಬಿಟ್ಟರೆ ಕೈ ತಪ್ಪು ಅಂತಾರೆ. ಅಮ್ಮ, ಏನು ಮಾಡ್ಲಿ?"

ಸರಸ್ವತಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಲುಗುತ್ತಿದ್ದರು. ಅಳುತ್ತಿದ್ದಾರೆಂದು ನಾನು ಓಡಿದೆ. ನಗುತ್ತಿದ್ದರು. ಮಗನನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋದರು, ನನ್ನನ್ನೂ ಕಣ್ಣಿನಲ್ಲೇ ಕರೆದರು.

"ತಿರ್ಗ್ಸ್," ಎಂದರು. "ಬಡ್ಸು ಕೈ ಸರಿ ಇದ್ರೆ ಸಾಕ್. ದೊರೆಗ್ ಜನಿವಾರ ಎತ್ಲಾಗೆ ಇದ್ರೆಂತ?"

"ಯಾವ ದೊರೆ?"

ಅಲ್ಲೇ, ಗಲ್ಲಾದ ಕೆಳಗೆ ನಿಂತು, ಅವರ ಮೇಲೆ ಅಸಲಿ ಪಟವಿರುವಾಗಲೇ ಅವರು ಹೇಳಿದರು. ನನಗೆ ಹೇಳಿದ್ದಕ್ಕಿಂತ ಬಹಳ ಚಿಕ್ಕದಾಗಿ. ಜಗಲಿ, ಕಾಫಿ, ಸ್ಟುಡಿಯೋ, ಅಳುತ್ತ ಬಂದ ಅಪ್ಪ. ಹೊರಗೆ ನಾದಸ್ವರ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಪ್ರಕಾಶರು ಪಟದ ಕಡೆ ನೋಡಲಿಲ್ಲ. ಗಲ್ಲಾದ ಮರದ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದರು. ನನಗೆ ಆ ಹೊತ್ತಿನಲ್ಲಿ ಬೆಂಗಳೂರಿನ ರೈಲು ಎಷ್ಟೊತ್ತಿಗೆ ಎಂಬುದೊಂದೇ ಯೋಚನೆ.

"ಹಾಗಾದರೆ ಅಜ್ಜನ ಮುಖ?" ಎಂದರು ಪ್ರಕಾಶರು ಕೊನೆಗೆ.

"ಯಾರ್ ಕಂಡಿದ್ರ್ ಮಾಣಿ? ನಾನ್ ಬೆನ್ನ್ ಕಂಡಿದ್ದೆ."

"ಮತ್ತೆ ಈ ನಿಂತಿರೋದು? ಹೀಗೆ ಕಾಲು ಸಡಿಲ ಬಿಟ್ಟು?" ಪ್ರಕಾಶರು ತಾವೇ ಹಾಗೆ ನಿಂತು ತೋರಿಸಿದರು. ಗಲ್ಲಾದ ಹಿಂದೆ ಅವರು ಯಾವಾಗಲೂ ಹಾಗೆಯೇ ನಿಲ್ಲುತ್ತಿದ್ದರೆಂದು ನನಗೆ ಆಗ ಹೊಳೆಯಿತು.

"ನಿಂತದ್ದ್ ನಿನ್ನಜ್ಜನೇ," ಎಂದರು ಸರಸ್ವತಮ್ಮ.

ಪ್ರಕಾಶರು ಈಗ ತಲೆಯೆತ್ತಿ ಪಟ ನೋಡಿದರು. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. ಬೆವರಿರಬೇಕು. ಆಮೇಲೆ ಬಾಗಿಲಿಗೆ ಹೋಗಿ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು.

"ಯಾರಾದರೂ ಆಗಿರಲಿ, ನಮ್ಮ ಹೋಟೆಲಲ್ಲಿ ಎಡಗೈಯಲ್ಲಿ ಬಡಿಸೋ ಹಾಗಿಲ್ಲ! ಸೆಲ್ವಂ, ತಿರುಪ್ಪು!"

ಭಾಷಣದ ಪ್ರಸ್ತಾಪ ಯಾರೂ ಎತ್ತಲಿಲ್ಲ. ಒಲೆ ಹೊತ್ತಿತು, ಹಾಲು ಉಕ್ಕಿತು, ರೈಲ್ವೆಯ ಹಿರಿಯರು ಕೆಳಗಿಟ್ಟ ಕಾಫಿಯನ್ನು ಮತ್ತೆ ಎತ್ತಿಕೊಂಡು, ಲೋಟದ ಚಿತ್ರವಿದ್ದ ಮಗ್ಗುಲನ್ನು ಅಂಗೈಯಲ್ಲಿ ಮುಚ್ಚಿ ಕುಡಿದರು. ನಾನು ಹೊರಡುವಾಗ ಪ್ರಕಾಶರು ಕುರ್ಚಿ ತಂದು ಅಸಲಿ ಪಟದ ಕೆಳಗೆ ಹಾಕಿದರು. "ತೆಗೆದುಕೊಳ್ಳಿ ಸಾರ್ ಫೋಟೊ. ಪುಸ್ತಕದಲ್ಲಿ ಹಾಕಿ. ದೊರೆ ಹೆಸರೂ ಹಾಕಿ, ಅಜ್ಜನ ಹೆಸರೂ ಹಾಕಿ. ಯಾರದ್ದು ಮೊದಲು ಅಂತ ಅಮ್ಮನ್ನ ಕೇಳಿ." ಕುರ್ಚಿ ಹತ್ತಿ ತೆಗೆದೆ. ಗಾಜಿನಲ್ಲಿ ಟ್ಯೂಬ್‌ಲೈಟ್ ಹೊಳೆದು ಮೂಗಿನ ಮೇಲೆ ಒಂದು ಬಿಳಿ ಗೆರೆ ಬಂತು. ಇನ್ನೊಮ್ಮೆ ತೆಗೆಯಲಿಲ್ಲ. ಒಂದು ತಪ್ಪು ಇರಲಿ ಎನ್ನಿಸಿತು.

ಆಟೋದಿಂದ ತಿರುಗಿ ನೋಡಿದಾಗ ಇಬ್ಬರು ಏಣಿ ಹತ್ತಿ ಬೋರ್ಡು ಇಳಿಸುತ್ತಿದ್ದರು. ಒಂದು ಮಗ್ಗುಲು ಮೊದಲು ಕಳಚಿತ್ತು. ಗಾಳಿಯಂತ್ರದ ರೆಕ್ಕೆಗೆ ಸಿಕ್ಕಿದವನ ಹಾಗೆ ಟಿಬ್ಲಿಂಗ್ ಓರೆಯಾಗಿ ನೇತಾಡಿ, ಆ ಸ್ಥಿತಿಯಲ್ಲೂ ಸೌಟು ಬಿಡದೆ, ನಿಧಾನವಾಗಿ ಕೆಳಗಿಳಿದ.

ಸರಸ್ವತಮ್ಮ ದಾರಿಗೆಂದು ಪೊಟ್ಟಣ ಕಟ್ಟಿಕೊಟ್ಟಿದ್ದರು. ಮಧ್ಯಾಹ್ನದ ರೈಲು ಕಾಟ್ಪಾಡಿಯಲ್ಲಿ ಬಹಳ ಹೊತ್ತು ನಿಂತಿತು. ಬಿಸಿಲು ಇಳಿದಿರಲಿಲ್ಲ. ಪ್ಲಾಟ್‌ಫಾರಂ ಬೆಂಚಿನ ಮೇಲೆ ಪೊಟ್ಟಣ ಬಿಚ್ಚಿದೆ: ಎರಡು ವಡೆ, ಒಂದು ಬನ್, ಬೆಣ್ಣೆ ಹಚ್ಚಿದ್ದು. ಬೆಂಚಿನ ತುದಿಗೆ ಒಂದು ಕಾಗೆ ಬಂದು ಕೂತು ನನ್ನನ್ನು ಒಂದು ಕಣ್ಣಿನಿಂದ ನೋಡಿತು. ಬನ್ನಿನ ಒಂದು ಚೂರನ್ನೂ ವಡೆಯ ಒಂದು ಚೂರನ್ನೂ ಪಕ್ಕಪಕ್ಕ ಇಟ್ಟು ಹಿಂದೆ ಸರಿದು ಕೈಕಟ್ಟಿ ನಿಂತೆ.

ಕಾಗೆ ಬನ್ನಿನ ಹತ್ತಿರ ಹೋಯಿತು, ಕೊಕ್ಕಿನಿಂದ ಒಮ್ಮೆ ತಳ್ಳಿತು, ವಡೆ ಕಚ್ಚಿಕೊಂಡು ಹಾರಿತು.

ರೈಲು ಕೂಗಿತು. ನಾನು ಬನ್ನನ್ನು ಬಲಗೈಯಲ್ಲಿ ಎತ್ತಿಕೊಂಡು, ತಿನ್ನುತ್ತ ಹತ್ತಿದೆ.